ಶಾಮಲಮ್ಮನವರ ಟಿಪ್ಪಣಿಗಳನ್ನೂ ಜೊತೆಗೆ ತನ್ನಿ

ತಂತ್ರಾಂಶ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ರೇಷ್ಮೆಗೂಡು ಮಾರಾಟ ಒಕ್ಕೂಟದ ತಂತ್ರಾಂಶಕ್ಕೆ ಯಾವ ಆವೃತ್ತಿ ನಿಯಂತ್ರಣ ವ್ಯವಸ್ಥೆ ಬೇಕೆಂದು ನೀವು ಏಳು ಸಭೆ ನಡೆಸಿದಿರಿ. ಕೊನೆಗೆ ಗಿಟ್ ಎಂದು ತೀರ್ಮಾನಿಸಿದಿರಿ. ಬಹಳ ಸಂತೋಷ, ನನ್ನ ಮತವೂ ಅದಕ್ಕೇ ಇತ್ತು, ಯಾರೂ ಕೇಳಲಿಲ್ಲ ಅಷ್ಟೆ. ನನ್ನ ತಕರಾರು ಆದೇಶದ ನಾಲ್ಕನೆಯ ಸಾಲಿನ ಮೇಲೆ: "ಹಳೆಯ ಇತಿಹಾಸವನ್ನು ವರ್ಗಾಯಿಸುವ ಅಗತ್ಯವಿಲ್ಲ, ಇಂದಿನ ಪ್ರತಿ ಸಾಕು." ಹನ್ನೊಂದು ವರ್ಷದ ಕೆಲಸವನ್ನೂ, ಅದನ್ನು ಮಾಡಿದ ಹೆಂಗಸಿನ ಹೆಸರನ್ನೂ ಆ ಒಂದು ಸಾಲು ಅಳಿಸಿಹಾಕುತ್ತದೆ. ಮೂರು ಸಲ ಕಚೇರಿ ಮೂಲಕವೇ ಬರೆದೆ. ಮೂರು ಸಲವೂ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಅದಕ್ಕೇ ಈಗ ಊರವರ ಮುಂದೆ ಬರೆಯುತ್ತಿದ್ದೇನೆ.

ಓದುವವರಿಗೆ ಒಂದು ಮಾತು. ಪ್ರೋಗ್ರಾಮಿನ ಪ್ರತಿಯೊಂದು ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರು ಎಂದು ಟಿಪ್ಪಣಿಯೊಡನೆ ಕಾದಿಡುವುದು ಇಂಥ ವ್ಯವಸ್ಥೆಯ ಕೆಲಸ. ನಮ್ಮ ಕೋಲಾರ ಕಚೇರಿಯಲ್ಲಿ ನಾವಿಬ್ಬರೇ ಇದ್ದೆವು, ನಾನು ಮತ್ತು ಶ್ರೀನಿವಾಸಪುರದ ಶಾಮಲಮ್ಮ. ಅವರದೊಂದು ಪದ್ಧತಿ ಇತ್ತು. ದೂರು ಬಂದರೆ ತೂಕದ ಶೆಡ್ಡಿಗೇ ಹೋಗಿ, ರೈತರ ಮಾತು ಕೇಳಿ, ಆ ಮಾತನ್ನೇ ಟಿಪ್ಪಣಿಯಾಗಿ ಬರೆಯುವುದು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಅವರ ಹುದ್ದೆಯೂ ಪರಿಶೀಲನೆಯಲ್ಲಿದೆ.

ಕಳೆದ ವರ್ಷ ನೀವು ಕಳಿಸಿದ ಸಲಹೆಗಾರರು ಹನ್ನೆರಡು ಸಾಲುಗಳನ್ನು "ಅನಗತ್ಯ" ಎಂದು ತೆಗೆದುಹಾಕಿದರು. ಗೂಡಿನ ತೂಕಕ್ಕೆ ಟೋಕನ್ ಕೊಡುವಾಗ ರೈತರ ತಾಯಿಯ ಹೆಸರು ಕೇಳುವ ಸಾಲುಗಳು ಅವು. ಮೂರನೆಯ ದಿನ ಮುಳಬಾಗಿಲು ಶೆಡ್ಡಿನಲ್ಲಿ ಮುನಿಶಾಮಿ ಎಂಬವರ ಟೋಕನ್ ರದ್ದಾಯಿತು. ಆಗಲೇ ತೂಕ ಮಾಡಿಸಿದ್ದೀರಿ ಎಂದು ಕಂಪ್ಯೂಟರ್ ಹೇಳಿತು. ಗುಮಾಸ್ತರು ಅದನ್ನು ನಂಬಿ ವಾಪಸು ಕಳಿಸಿದರು. ಮುನಿಶಾಮಿ ಎರಡು ದಿನ ಬಿಟ್ಟು ಮತ್ತೆ ಬರುವಷ್ಟರಲ್ಲಿ ಚಿಟ್ಟೆ ಗೂಡು ಕೊರೆದು ಹೊರಬಂದಿತ್ತು. ತೂತುಬಿದ್ದ ಗೂಡಿನಿಂದ ನೂಲು ಬರದು, ಯಾರೂ ಕೊಳ್ಳರು.

"ಮೊದಲು ಬಂದಿದ್ದು ನಮ್ಮ ದೊಡ್ಡಪ್ಪನ ಮಗ ಮೇಡಂ. ಅವನೂ ಮುನಿಶಾಮಿನೇ, ನಾನೂ ಮುನಿಶಾಮಿನೇ. ಇಷ್ಟು ವರ್ಷ ನಿಮ್ ಕಂಪ್ಯೂಟರ್‌ಗೆ ಗೊತ್ತಿತ್ತಲ್ಲ, ಈಗೇನಾಯ್ತು?" ಎಂದು ಕೋಲಾರಕ್ಕೇ ಬಂದು ಕೇಳಿದರು. ತೂತುಬಿದ್ದ ಗೂಡೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ನಾನು ಹಳೆಯ ವ್ಯವಸ್ಥೆಯಲ್ಲಿ ಇತಿಹಾಸ ತೆಗೆದು ನೋಡಿದೆ. ಎಂಟು ವರ್ಷದ ಹಿಂದಿನ ಟಿಪ್ಪಣಿ ಸಿಕ್ಕಿತು: "ಈ ಕಡೆ ತಾತನ ಹೆಸರು ಎಲ್ಲಾ ಗಂಡುಮಕ್ಕಳ ಮನೇಲೂ ಒಬ್ಬ ಮೊಮ್ಮಗನಿಗೆ ಇಡ್ತಾರೆ. ಊರು ಒಂದೇ, ಮನೆ ನಂಬರೂ ಒಂದೇ. ಇಲ್ಲಿಯವರ ತೆಲುಗಲ್ಲಿ ಪೆದ್ದೋಡು ಅಂದ್ರೆ ದೊಡ್ಡೋನು ಯಾರು, ಚಿನ್ನೋಡು ಅಂದ್ರೆ ಚಿಕ್ಕೋನು ಯಾರು ಅಂತ ಅವರಮ್ಮನ ಹೆಸರಿಂದಲೇ ಗೊತ್ತಾಗೋದು. ಇದನ್ನ ಯಾರೂ ತೆಗೀಬೇಡಿ. ಶಾಮಲ." ಅರ್ಧ ಗಂಟೆಯಲ್ಲಿ ಆ ಸಾಲುಗಳನ್ನು ಮರಳಿ ಹಾಕಿದೆ. "ಇಂದಿನ ಪ್ರತಿ" ಮಾತ್ರ ಇದ್ದಿದ್ದರೆ ಏನು ಮಾಡಬೇಕಿತ್ತು? ಎಂಟನೆಯ ಸಭೆ ಕರೆಯಬೇಕಿತ್ತೇ?

ಇತಿಹಾಸ ತರಲು ಏನು ಅಡ್ಡಿ ಎಂದು ನಿಮ್ಮ ವಿಭಾಗದ ನಂದೀಶ್ ಅವರನ್ನು ಫೋನಿನಲ್ಲಿ ಕೇಳಿದೆ. ಪ್ರತಿ ಬದಲಾವಣೆಗೂ ಹೆಸರಿನ ಜೊತೆ ಇಮೇಲ್ ಬೇಕಂತೆ. ಶಾಮಲಮ್ಮನವರ ಇಮೇಲನ್ನು ಅವರು ಸತ್ತ ವಾರವೇ ಮುಚ್ಚಲಾಗಿದೆಯಂತೆ. ಒಕ್ಕೂಟದಲ್ಲಿ ಇಷ್ಟು ಚುರುಕಾಗಿ ನಡೆದ ಇನ್ನೊಂದು ಕೆಲಸ ನನಗೆ ನೆನಪಿಲ್ಲ. ಆ ವಿಳಾಸಕ್ಕೆ ಯಾರೂ ಪತ್ರ ಹಾಕಬೇಕಾಗಿಲ್ಲ, ಹಳೆಯದನ್ನೇ ಬರೆದರೂ ನಡೆಯುತ್ತದೆ ಎಂದೆ.

"ಅಷ್ಟೆಲ್ಲಾ ಯಾಕೆ ಮೇಡಂ, ಎಲ್ಲಾನೂ 'ಹಳೆಯ ಬಳಕೆದಾರ' ಅಂತ ಒಂದೇ ಹೆಸರಿಗೆ ಹಾಕ್ಬಿಡೋಣ. ಯಾರು ನೋಡ್ತಾರೆ?"

"ನಾನು ನೋಡ್ತೀನಿ ನಂದೀಶ್," ಎಂದೆ.

ದಿನಾ ನೋಡುತ್ತೇನೆ. ಒಂಟಿತನಕ್ಕೆ ನಿಮ್ಮಲ್ಲಿ ಅರ್ಜಿ ನಮೂನೆ ಇಲ್ಲವೆಂದು ಗೊತ್ತು, ಆದರೂ ಹೇಳುತ್ತೇನೆ: ಈ ಕಚೇರಿಯಲ್ಲಿ ನಾನು ಒಂಟಿ. ಮೊದಲು ಏನಾದರೂ ತೋಚದಿದ್ದರೆ ಪಕ್ಕಕ್ಕೆ ತಿರುಗಿ "ಅಕ್ಕಾ" ಎನ್ನುತ್ತಿದ್ದೆ. ಈಗ ಅವರ ಟಿಪ್ಪಣಿ ತೆಗೆದು ಓದುತ್ತೇನೆ. ಎಷ್ಟೋ ದಿನ ಈ ಕೆಲಸವನ್ನು ಕನ್ನಡದಲ್ಲಿ ನನಗೆ ಯಾರಾದರೂ ಬಿಡಿಸಿ ಹೇಳುವುದೆಂದರೆ ಅದೊಂದೇ. ಅವರ ಕೊನೆಯ ಟಿಪ್ಪಣಿ ಒಂದು ಶುಕ್ರವಾರದ್ದು: "ವಾಣಿ, ಮಾಲೂರು ಶೆಡ್ಡಿಂದು ಅರ್ಧ ಆಗಿದೆ. ಸೋಮವಾರ ಬಂದು ಮುಗಿಸ್ತೀನಿ, ಅಲ್ಲೀವರೆಗೆ ಮುಟ್ಬೇಡ ಕಣೇ." ನಾನು ಇನ್ನೂ ಮುಟ್ಟಿಲ್ಲ. ಮಾಲೂರಿನವರು ಎರಡು ವರ್ಷದಿಂದ ಟೋಕನ್ನನ್ನು ಕೈಯಲ್ಲೇ ಬರೆದು ಕೊಡುತ್ತಿದ್ದಾರೆ. ಆ ತಪ್ಪು ನನ್ನದು, ಒಪ್ಪುತ್ತೇನೆ.

ನಾನು ಕೇಳುವುದು ಇಷ್ಟೇ. ನಾಲ್ಕನೆಯ ಸಾಲನ್ನು ಹಿಂತೆಗೆದುಕೊಳ್ಳಿ. ಇತಿಹಾಸ ಪೂರ್ತಿ ಬರಲಿ, ಶಾಮಲಮ್ಮ ಎಂಬ ಹೆಸರಿನಲ್ಲೇ ಬರಲಿ. ನಿಮ್ಮವರಿಗೆ ಪುರುಸೊತ್ತಿಲ್ಲದಿದ್ದರೆ ನಾನೇ ಒಂದು ಭಾನುವಾರ ಕೂತು ಮಾಡುತ್ತೇನೆ. ಅದಾದ ಮರುದಿನ ಸೋಮವಾರ. ಅವರ ಕೊನೆಯ ಟಿಪ್ಪಣಿಯ ನಂತರ ನನ್ನ ಹೆಸರು ಹಾಕಿ, ಮಾಲೂರಿನ ಉಳಿದರ್ಧವನ್ನು ಮುಗಿಸುತ್ತೇನೆ.

ಇಂತಿ,
ಶ್ರೀವಾಣಿ
ಕೋಲಾರ ಕಚೇರಿಯ ಸಮಸ್ತ ಸಿಬ್ಬಂದಿ