ಅತ್ತೆಯ ಪಾಲಿನ ರೊಟ್ಟಿ

ಡಾಬಕಾ

ಉತ್ತಮ ಭಾವನವರಿಗೆ, ನಿಮ್ಮ ತಮ್ಮನ ಹೆಂಡತಿ ಪ್ರಣಾಲಿಯ ಜೈಭೀಮ.

ಫೋನಿನಲ್ಲಿ ಹೇಳಿದರೆ ಅತ್ತೆಯವರ ಕಿವಿಗೆ ಬೀಳುತ್ತದೆಂದು ಬರೆಯುತ್ತಿದ್ದೇನೆ. ಹೋದ ವರ್ಷ ಹಳ್ಳ ತುಂಬಿ ನಾಲ್ಕು ದಿನ ದಾರಿ ಬಂದಾದಾಗ ಮನೆಯಲ್ಲಿ ಹಿಟ್ಟು ಮುಗಿದಿತ್ತಲ್ಲ, ಅದಕ್ಕೇ ಈ ಸಲ ಮೊದಲೇ ಜೋಳದ ಖಡಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಬೆಲ್ಲ, ಪುಟಾಣಿ ಎಲ್ಲವನ್ನೂ ಡಬ್ಬಿಗಳಿಗೆ ತುಂಬಿಟ್ಟೆ.

ನಾನು ಇಟ್ಟದ್ದು ನಲವತ್ತು ರೊಟ್ಟಿ. ನಿನ್ನೆ ನೋಡಿದರೆ ಎಪ್ಪತ್ತು ದಾಟಿವೆ. ಅತ್ತೆಯವರು ತಮ್ಮ ತಾಟಿನ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ ಒಯ್ದು, ಒಣಗಿಸಿ ಆ ಡಬ್ಬಿಯಲ್ಲಿ ಇಡುತ್ತಿದ್ದಾರೆ. ಕೈ ಎತ್ತಿದರೆ ಅವರ ಬಳೆಗಳು ಮೊಣಕೈಗೆ ಜಾರುತ್ತವೆ.

“ಡಬ್ಬಿ ತುಂಬ್ಯಾದರಿ ಅತ್ತಿ, ನೀವು ಉಣ್ರಿ,” ಎಂದೆ.

“ನನಗ ಹಸಿವಿಲ್ಲವ್ವಾ. ಹೋದ ವರ್ಷ ಕಾಜಲ ರೊಟ್ಟಿ ಬೇಡಿ ಅತ್ತಿದ್ದು ಇನ್ನಾ ಕಿವ್ಯಾಗ ಅದ,” ಎಂದರು. ನನ್ನ ಮಗಳ ಹೆಸರು ತೆಗೆದು, ರೊಟ್ಟಿಯನ್ನು ಮತ್ತೆ ಸೆರಗಿಗೆ ಹಾಕಿಕೊಂಡರು.

ಮಳೆಗಾಲ ಮುಗಿಯುವವರೆಗೆ ಅವರನ್ನು ಬೀದರಿಗೆ, ಮೈಲೂರಿನ ನಿಮ್ಮ ಮನೆಗೆ ಕರೆದೊಯ್ಯಿರಿ. ದವಾಖಾನೆಗೆ ಎಂದರೆ ಬರುವುದಿಲ್ಲ. ಅಕ್ಕ ತವರಿಗೆ ಹೋಗಿದ್ದಾರೆ, ನಿಮ್ಮ ಊಟಕ್ಕೆ ತ್ರಾಸಾಗಿದೆ ಎಂದು ಸುಳ್ಳು ಹೇಳಿ. ತಕ್ಷಣ ಹೊರಡುತ್ತಾರೆ.

ಅಲ್ಲಿ ಅವರನ್ನು ಕೂರಿಸಿಕೊಂಡು ಒಂದೇ ತಾಟಿನಲ್ಲಿ ಉಣ್ಣಿರಿ. ಬೇರೆ ಪಾಲು ಹಾಕಿಕೊಟ್ಟರೆ ಎತ್ತಿಟ್ಟುಬಿಡುತ್ತಾರೆ.

ಪ್ರಣಾಲಿ