ಗೋಡೆಯ ಪಕ್ಕದ ಎಮುನಾ

ಜೆರುಸಲೇಮ್,
ಹೆಷ್ವಾನ್ ತಿಂಗಳ ಹದಿನೈದು, ಸೋಮವಾರ
(ಅಕ್ಟೋಬರ್ 1972)

ನಹೂಮಣ್ಣನಿಗೆ,

ತಂಗಿ ಅಸ್ನತ್ ಬರೆಯುವುದು. ನಿನಗೂ ಅತ್ತಿಗೆಗೂ ಶಾಂತಿ. ನಿನ್ನ ತಂತಿಗೆ ಉತ್ತರಿಸಲು ತಡವಾಯಿತು, ಕ್ಷಮಿಸು. ಕ್ಷಮೆ ಕೇಳುವುದು ಪದ್ಧತಿ, ಕೇಳಿಯಾಯಿತು. ಇನ್ನು ನಿನ್ನ ಸರದಿ.

ಹೆಂಡತಿ ಎಮುನಾಳನ್ನು ಕಳಕೊಂಡು ನನ್ನ ಮಗ ಶಬ್ತಾಯ್ ಏಳು ದಿನ ಸೂತಕದಲ್ಲಿ ನೆಲದ ಮೇಲೆ ಕೂತಿದ್ದ. ನಿನ್ನ ತಿಬೇರಿಯಾದಿಂದ ಬಸ್ಸುಗಳಿಗೇನೂ ಬರವಿರಲಿಲ್ಲ. ಸೋದರಮಾವ ಬರಲಿಲ್ಲ, ತಂತಿ ಬಂತು. "ದೇವರು ಸಮಾಧಾನ ಕೊಡಲಿ" ಅಂತ. ಕೊಡುತ್ತಾನೆ ಬಿಡು, ಅವನು ನಿನ್ನಷ್ಟು ಮರೆಗುಳಿಯಲ್ಲ.

ಅವತ್ತು ಏನಾಯಿತೆಂದು ನಿನಗೆ ಅರ್ಧವೇ ಗೊತ್ತು. ಶುಕ್ರವಾರ ಬೆಳಿಗ್ಗೆ ಎಮುನಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಾ ಬಿದ್ದಳು. ಡಾಕ್ಟರು ಬರುವಷ್ಟರಲ್ಲಿ ಉಸಿರಿರಲಿಲ್ಲ. ಮೂವತ್ತೆಂಟು ವಯಸ್ಸು. ಸಂಜೆ ಶಬ್ಬತ್ತಿನ ಬಿಡುವು ಶುರುವಾಗುವ ಮುಂಚೆ ಮಣ್ಣು ಮಾಡಬೇಕು. ಹೆಣ ಹೂಳುವ ಸಂಘದ ಯಜಮಾನ ಬೆಖೋರ್ ಬಾಗಿಲಲ್ಲೇ ನಿಂತು, "ಅವಳು ನಮ್ಮ ಧರ್ಮಕ್ಕೆ ಸೇರಿದ ಕಾಗದ ಕೊಡಿ" ಎಂದ. ಪೆಟ್ಟಿಗೆಯೆಲ್ಲ ಜಾಲಾಡಿದೆವು. ಕಾಗದ ಸಿಗಲಿಲ್ಲ. ಹಾಲೆಂಡಿನಿಂದ ಅವಳ ತಾಯಿ ಬರೆದ ಪತ್ರಗಳು ಸಿಕ್ಕವು, ಜೊತೆಗೆ ಚರ್ಚಿನ ಮುಂದೆ ನಿಂತ ಮುದುಕಿಯ ಫೋಟೊ.

"ಇದೇನಮ್ಮ ಇದು?" ಎಂದ.

"ಅವಳ ಅಮ್ಮ ಕಣೋ. ನಿಂಗೆ ಅಮ್ಮ ಇರ್ಲಿಲ್ವಾ?"

ಅದಕ್ಕೇ ದಿನಸಿ ಅಂಗಡಿಯ ಫೋನಿನಿಂದ ನಿನಗೆ ಮಾಡಿಸಿದ್ದು. ಅವಳಿಗೆ ಪಾಠ ಹೇಳಿದವನು ನೀನು. ಅವಳನ್ನು ಧರ್ಮಕ್ಕೆ ಸೇರಿಸಿಕೊಂಡ ಮೂವರು ಗುರುಗಳಲ್ಲಿ ಬದುಕಿರುವವನೂ ನೀನೊಬ್ಬನೇ. "ಹೌದು, ನಾನೇ ಸಾಕ್ಷಿ" — ಮೂರು ಮಾತು ಸಾಕಿತ್ತು. ನೀನೇನಂದೆ? "ಹದಿಮೂರು ವರ್ಷದ ಮಾತು, ನೆನಪಿಲ್ಲ. ಅನುಮಾನ ಇದ್ರೆ ಸದ್ಯಕ್ಕೆ ಸ್ಮಶಾನದ ಗೋಡೆ ಪಕ್ಕ ಇಡ್ಲಿ, ಆಮೇಲೆ ನೋಡೋಣ." ಹೆಣವನ್ನು ಸದ್ಯಕ್ಕೆ ಇಡುತ್ತಾರಾ ಅಣ್ಣ? ಅದೇನು ಛತ್ರಿಯಾ?

ನಿನ್ನ ಊರಿನ ಹೊಸ ಕಟ್ಟುನಿಟ್ಟಿನವರು ಹಳೆಯ ದಾಖಲೆ ಕೆದಕುತ್ತಿದ್ದಾರೆ, ನಿನ್ನ ಗುರುಪೀಠ ಅಲ್ಲಾಡುತ್ತಿದೆ ಎಂದು ಕೇಳಿದ್ದೇನೆ. ಅಲ್ಲಾಡಲಿ.

ನಿನಗೆ ನೆನಪಿಲ್ಲದಿದ್ದರೆ ನನಗಿದೆ. ನನ್ನ ಅಡುಗೆಮನೆಯಲ್ಲೇ ನೀನು ಪಾಠ ಹೇಳಿದ್ದು, ನಾನು ಪಕ್ಕದಲ್ಲಿ ಮಸೂರಬೇಳೆ ಆರಿಸುತ್ತಿದ್ದೆ. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ, ಅವನಿಗೆ ವಿಗ್ರಹ ಮಾಡಬಾರದು ಎಂದೆ. ವಾರದಲ್ಲಿ ಒಂದು ದಿನ ಆಳಿಗೂ ಎತ್ತಿಗೂ ಬಿಡುವು ಕೊಡಬೇಕು ಎಂದೆ. ಈಜಿಪ್ಟಿನಲ್ಲಿ ನಾವೇ ಪರದೇಶಿಗಳಾಗಿ ಜೀತ ಮಾಡಿದವರು, ಅದಕ್ಕೇ ಪರದೇಶಿಯನ್ನು ನೋಯಿಸಬಾರದು ಎಂದೆ. ಅವಳು, "ನಾನು ನಿಮ್ಮ ರಕ್ತದವಳಲ್ವಲ್ಲ?" ಎಂದು ಕೇಳಿದಾಗ ನೀನು ಮೇಜು ಕುಟ್ಟಿ ಹೇಳಿದೆ: "ಅಬ್ರಹಾಮ ಯಾರ ರಕ್ತದವನು? ಅವರಪ್ಪ ವಿಗ್ರಹ ಮಾಡ್ತಿದ್ದ. ಅವನೇ ಮೊದಲನೇ ಹೊಸಬ. ನಾವು ಒಡಂಬಡಿಕೆಯಿಂದ ಹುಟ್ಟಿದ ಜನ." ಆ ಹುಡುಗಿ ಅತ್ತುಬಿಟ್ಟಳು. ನಾನೂ ನಂಬಿದೆ.

ಅವಳನ್ನು ನಮ್ಮವರ ಸಾಲಿನಿಂದ ದೂರ, ಗೋಡೆಯ ಪಕ್ಕ ಹೂತರು. ನಮ್ಮಲ್ಲಿ ಕುಲ ತಾಯಿಯಿಂದ; ಅವಳು ನಮ್ಮವಳಲ್ಲದಿದ್ದರೆ ಅವಳ ಹನ್ನೊಂದು ವರ್ಷದ ಮಗಳು ಗೆಉಲಾಳೂ ನಮ್ಮವಳಲ್ಲ. ಶಾಲೆಯಲ್ಲಿ ಆಗಲೇ ಯಾವಳೋ ಕೇಳಿದ್ದಾಳಂತೆ, "ನೀನೀಗ ಏನು?" ಅಂತ.

ಮೊನ್ನೆ ಶಬ್ಬತ್ ದಿನ ಪ್ರಾರ್ಥನಾ ಮಂದಿರದಲ್ಲಿ ನಾನು ಹೆಂಗಸರ ಮಾಳಿಗೆಯಿಂದ ಕೆಳಗಿಳಿದೆ. ಪವಿತ್ರ ಸುರುಳಿಯನ್ನು ಬಿಚ್ಚಿದ್ದರು. ಅಬ್ರಹಾಮ ತಂದೆಯ ಮನೆ ಬಿಟ್ಟು ಹೊರಡುವ ಭಾಗ, ಆ ವಾರದ ಸರದಿಯೇ ಅದು. ನಾನು ಓದುವ ಮೇಜಿನ ಮೇಲೆ ಕೈಯಿಟ್ಟೆ. ಅನ್ಯಾಯವಾದವರು ಓದನ್ನು ನಿಲ್ಲಿಸಬಹುದು ಅನ್ನುವ ಹಳೆಯ ಹಕ್ಕು ನಿನಗೆ ಗೊತ್ತಲ್ಲ.

"ಅಸ್ನತಮ್ಮ, ಹೆಂಗಸರು ಇಲ್ಲಿಗೆ ಬರೋ ಹಾಗಿಲ್ಲ," ಎಂದ ಬೆಖೋರ್.

"ಬಂದಾಯ್ತಲ್ಲ. ಓದೋದು ನಿಲ್ಸಿ. ಅಪ್ಪನ ಮನೆ ಬಿಟ್ಟು ಬಂದೋನ ಕಥೆ ವರ್ಷಾ ವರ್ಷಾ ಓದ್ತೀರ, ಅಪ್ಪನ ಮನೆ ಬಿಟ್ಟು ಬಂದೋಳನ್ನ ಗೋಡೆ ಪಕ್ಕ ಹಾಕ್ತೀರ. ನಾಚಿಕೆ ಆಗಲ್ವಾ?"

ಯಾರೋ "ಮುದುಕೀನ ಕೂರಿಸ್ರೋ" ಎಂದರು. ಮೀನಿನಂಗಡಿಯ ಸಾಸೋನ್ ಎದ್ದು, "ಅವಳು ಹೇಳೋದ್ರಲ್ಲಿ ತಪ್ಪೇನಿದೆ?" ಎಂದ. ಆಮೇಲೆ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಬೆಖೋರ್ ತಲೆ ತಗ್ಗಿಸಿ ಹೇಳಿದ್ದಿಷ್ಟು: ಗೋರಿ ಕದಲಿಸುವಂತಿಲ್ಲ. ಆದರೆ ನಿನ್ನ ಕೈಬರಹದ ಒಂದು ಸಾಲು ಬಂದರೆ ಕಲ್ಲಿನ ಮೇಲೆ "ಅಬ್ರಹಾಮ ಮತ್ತು ಸಾರಾಳ ಮಗಳು ಎಮುನಾ" ಎಂದು ಕೆತ್ತಿಸುತ್ತಾರೆ, ಗೆಉಲಾಳ ವಿಷಯ ಮತ್ತೆ ಯಾರೂ ಎತ್ತುವುದಿಲ್ಲ.

ನಿನ್ನೆ ಸಂಘಕ್ಕೆ ಹೋಗಿ, ನನಗೆಂದು ಕಾದಿಟ್ಟ ಜಾಗ ಬಿಟ್ಟುಕೊಟ್ಟು, ಗೋಡೆಯ ಪಕ್ಕ ಅವಳ ಬಲಕ್ಕೆ ಬರೆಸಿದೆ. "ಗಂಡನ ಪಕ್ಕ ಬೇಡ್ವಾ?" ಎಂದು ಬೆಖೋರ್ ಬಾಯಿಬಿಟ್ಟ. "ಅವರು ನಲವತ್ತು ವರ್ಷ ನನ್ನ ಗೊರಕೆ ಕೇಳಿದ್ದಾರೆ, ಸಾಕು" ಎಂದೆ.

ಆ ಸಾಲು ಬರಿ. ನಿನ್ನ ಪೀಠ ಹೋದರೆ ಹೋಗಲಿ, ಇಲ್ಲಿ ಬಾ, ಅನ್ನ ಹಾಕುತ್ತೇನೆ. ಬರೆಯದಿದ್ದರೆ ಇದೇ ಕೊನೆಯ ಕಾಗದ. ದೇವರು ನಿನಗೆ ನೂರಿಪ್ಪತ್ತು ವರ್ಷ ಆಯುಷ್ಯ ಕೊಡಲಿ, ನೆನಪನ್ನೂ ಕೊಡಲಿ.

ಇಂತಿ ನಿನ್ನ ತಂಗಿ,
ಅಸ್ನತ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಿರಲಿಲ್ಲ. ಹದಿಮೂರು ವರ್ಷ ಒಂದೇ ಅಂಗಳದಲ್ಲಿದ್ದೂ ನಾನು ಅವಳ ಅಡುಗೆ ಉಂಡಿರಲಿಲ್ಲ. ಪಿತ್ತ, ಅಜೀರ್ಣ, ಏನೋ ಒಂದು ನೆಪ. ನಿಜಕ್ಕೂ ನನಗೂ ಅನುಮಾನವಿತ್ತು. ಹೋದ ಹಬ್ಬಕ್ಕೆ, "ಅತ್ತೆ, ಈ ಸಲ ನಮ್ಮಲ್ಲೇ ಊಟ ಮಾಡಿ" ಎಂದು ಕರೆದಿದ್ದಳು. "ಮುಂದಿನ ವರ್ಷ ನೋಡೋಣ" ಎಂದಿದ್ದೆ. ಅವತ್ತು ಬೀಳುವ ಮುಂಚೆ ಅವಳು ಶಬ್ಬತ್ತಿನ ಗೋಧಿ, ಮಾಂಸದ ಪಾತ್ರೆಯನ್ನು ರಾತ್ರಿಯಿಡೀ ಬೇಯಲೆಂದು ಸಣ್ಣ ಉರಿಯ ಮೇಲೆ ಇಟ್ಟಿದ್ದಳು. ಯಾರೂ ಆರಿಸಿರಲಿಲ್ಲ. ಮರುದಿನ ಮಧ್ಯಾಹ್ನ ಶಬ್ತಾಯ್ ಅದನ್ನೇ ಬಡಿಸಿದ. ಎರಡು ಸಲ ಹಾಕಿಸಿಕೊಂಡು ಉಂಡೆ ಅಣ್ಣ. ಉಪ್ಪು ಹದವಾಗಿತ್ತು.