ಕೂಸಿನ ನೆತ್ತಿಗೆ ಬಿದ್ದ ನೀರು

ಸಂಗೊಳ್ಳಿ,
ಮಂಗಳವಾರ, ೯ ಫೆಬ್ರುವರಿ ೧೯೯೯

ನನ್ನವ್ವಾ, ಉಮಾ,

ಹೆಂಗದಿ? ಹೊಲಗಿ ಬಿಚ್ಚಿದ್ರೇನು? ಜ್ವರ ಇಳೀತೋ ಇಲ್ಲೋ? ನಿನ್ನ ಗಂಡ ಇನ್ನಾಸ ಬರದ ಕಾರ್ಡಿನ್ಯಾಗ ನಿನ್ನ ಮೈ ವಿಷಯಾ ‘ಈಗ ಪಾಡ ಅದಾಳ’ ಅಂತ ಒಂದ ಮಾತು ಐತಿ. ಗಂಡಸರ ಕಣ್ಣಿಗೆ ಎದ್ದು ಕುಂತಾಕಿ ಎಲ್ಲಾರೂ ಪಾಡ ಇದ್ದಂಗನ ಕಾಣ್ತಾರ. ರಕ್ತಾ ಸುರದ ಮೈ ಅದು, ತಂಪು ನೀರಾಗ ಕೈ ಇಡಬ್ಯಾಡ, ಕಿವಿಗೆ ಅರಬಿ ಕಟಗೊಳ್ಳದ ಹೊರಗ ಬರಬ್ಯಾಡ. ಅಂಟಿನ ಉಂಡಿ ಮಾಡಿಟ್ಟೇನಿ, ಕಳಸತೇನಿ, ದಿನಾ ಒಂದು ತಿನ್ನು. ಬಾಯಿಗೆ ರುಚಿ ಹತ್ತಲಿಲ್ಲಂದ್ರೂ ತಿನ್ನು, ಔಷಧ ಅಂತ ತಿನ್ನು. ಎದಿ ಬಿಗದು ನೋಯಾಕತ್ತಿದ್ರ ಮಲ್ಲಿಗಿ ಹೂವು ಅರಬ್ಯಾಗ ಹಾಕಿ ಕಟಗೋ, ಹಾಲು ಬತ್ತತೈತಿ. ಇದನ್ನ ಒಮ್ಮೆ ಬರದು ಹೊಡದು ಹಾಕಿದ್ನಿ ನೋಡವ್ವಾ. ಆದ್ರ ಹಡದಾಕಿ ಹೇಳಲಿಲ್ಲಂದ್ರ ಮತ್ಯಾರು ಹೇಳಬೇಕು?

ಇನ್ನಾಸ ಎಲ್ಲಾ ಬರದಾನ. ಕೂಸಿಗೆ ದೀಕ್ಷಾಸ್ನಾನ ಆಗಿತ್ತು ಅಂತ ಅವನು ಎಷ್ಟು ಹೇಳಿದ್ರೂ ನೀ ನಂಬವಲ್ಲಿ ಅಂತ. ‘ನನ್ನ ಸಮಾಧಾನಕ್ಕ ಹೇಳ್ತೀರಿ, ಆವತ್ತು ನೀವೂ ನನ್ನ ಜೋಡಿ ಜೀಪಿನಾಗ ಇದ್ರಿ. ನಮ್ಮವ್ವ ತನ್ನ ಕೈಲೆ ಬರದು ಕಳಸಿದ್ರ ಅಷ್ಟ ನಂಬತೇನಿ’ ಅಂದಿ ಅಂತ. ಅನ್ನ ಬಿಟ್ಟು ಗ್ವಾಡಿ ಕಡೆ ಮಾರಿ ಮಾಡಿ ಮಲಗತಿ ಅಂತ. ‘ನನ್ನ ಕೂಸು ದೇವರ ಬಾಗಲ ಹೊರಗ ಕುಂತು ಅಳಾಕತ್ತೈತಿ’ ಅಂತೀ ಅಂತ. ಯವ್ವಾ, ಆ ಮಾತು ಓದಿದ ಮ್ಯಾಲೆ ನಾ ಹೆಂಗ ಸುಮ್ಮನಿರಲಿ? ಅದಕ್ಕ ಆ ದಿನದ್ದು ಇದ್ದದ್ದು ಇದ್ದಂಗ ಬರಿಯಾಕತ್ತೇನಿ. ಏಳನೇ ಇಯತ್ತೆ ಕಲತಾಕಿ ನಾ, ಅಕ್ಷರಾ ಸೊಟ್ಟ ಆದ್ರ ನಗಬ್ಯಾಡ. ಇಲ್ಲ, ನಗು. ನೀ ನಗೂದ ನನಗ ಬೇಕಾಗೇತಿ.

ಸವದತ್ತಿ ದವಾಖಾನ್ಯಾಗ ನಿನಗ ಎಷ್ಟು ಅರಿವಿತ್ತೋ ಏನೋ. ದಿನಾ ತುಂಬೂದ್ರೊಳಗ ಕೂಸು ಹುಟ್ಟಿತ್ತು, ಎರಡು ಅಂಗೈ ಕೂಡಿಸಿದ್ರ ಅದರಾಗ ಹಿಡಿಯೂವಷ್ಟು. ನಿನಗ ರಕ್ತಾ ನಿಲ್ಲವಲ್ದು. ತಾಯಿನ್ನ ಬೆಳಗಾವಿಗೆ ಒಯ್ರಿ, ಕೂಸು ದಾರಿ ತಾಳೂದಿಲ್ಲ ಅಂತ ಡಾಕ್ಟರು ಅಂದ್ರು. ಇನ್ನಾಸ ರಾಮದುರ್ಗದ ಫಾದರ್‌ಗೆ ಫೋನ್ ಮಾಡಿ, ನಿನ್ನ ಎತ್ತಿ ಜೀಪಿನಾಗ ಹಾಕಿದ. ನಾವು ಆಗಷ್ಟ ಬಂದು ಮುಟ್ಟಿದ್ವಿ. ಹೌದು, ನಾವು. ನಿಮ್ಮಪ್ಪಾರೂ ಬಂದಿದ್ರು, ನೀ ನೋಡಿಲ್ಲ. ನೀ ಕಿರಿಸ್ತಾನರ ಹುಡುಗನ್ನ ಮಾಡ್ಕೊಂಡು, ಕೊಳ್ಳಾಗಿನ ಲಿಂಗಾ ತಗದಿಟ್ಟು, ಅವರ ನೀರು ತಗೊಂಡ ದಿನದಿಂದ ನಿನ್ನ ಮಾರಿ ನೋಡೂದಿಲ್ಲ ಅಂತ ಕುಂತಿದ್ದ ಮನಶ್ಯಾ, ಸುದ್ದಿ ಕೇಳಿ ಕಡ್ಲಿ ಕೀಳೂದು ಅರ್ಧಕ್ಕ ಬಿಟ್ಟು ನನ್ನ ಜೋಡಿ ಬಸ್ ಹತ್ತಿದ್ರು. ಬಂದವರು ಒಳಗ ಬರಲಿಲ್ಲ, ಅಂಗಳದಾಗ ಬೇವಿನ ಗಿಡದ ಕೆಳಗ ಟಾವೆಲ್ ಹಾಸಿ ಕುಂತ್ರು. ಅವರ ಹಟಾ ನಿನಗ ಹೇಳೂದೇನು, ಅರ್ಧಾ ಪಾಲು ನಿನಗೂ ಬಂದೈತಿ. ಜೀಪು ಹೊರಡೂ ಮುಂದ ನೀ ನನ್ನ ಸೆರಗು ಹಿಡದಿ. ‘ಅವ್ವಾ, ಫಾದರ್ ಬರೂದ್ರೊಳಗ ಕೂಸು ಹೋಗೂಹಂಗ ಆದ್ರ ನೀನ ನೀರು ಹಾಕು. ಯಾರು ಹಾಕಿದ್ರೂ ನಡಿತೈತಿ, ಕಿರಿಸ್ತಾನರ ಆಗಿರಬೇಕಂತಿಲ್ಲ’ ಅಂದಿ. ಅನ್ನೂ ಮಾತೂ ಹೇಳಿಕೊಟ್ಟಿ. ದನಿ ಇರಲಿಲ್ಲ ನಿನಗ, ಬರೇ ಉಸರಿತ್ತು.

ಫಾದರ್ ಹೊರಟಿದ್ರು, ಆದ್ರ ದಾರ್‍ಯಾಗ ಅವರ ಗಾಡಿ ಕೆಟ್ಟಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕೂಸಿನ ತುಟಿ ನೀಲಿ ಆದವು. ನರ್ಸಬಾಯಿ ಬಂದು ನೋಡಿ, ‘ಇನ್ನ ನಮ್ಮ ಕೈಯಾಗ ಏನಿಲ್ಲರೀ ಅಮ್ಮಾರ’ ಅಂತ ಹೇಳಿ ಕಣ್ಣು ಒರಸ್ಕೊಂಡ್ಲು. ಅಲ್ಲೇ ಕಸಾ ಹೊಡಿಯೂ ಸೀತವ್ವಗ ನೀರು ತಾ ಅಂದ್ನಿ. ಅಕಿ ನಳದಾಗಿಂದ ಚರಿಗಿ ತುಂಬ್ಕೊಂಡು ಬಂದ್ಲು. ನಾ ನೀರು ಹಾಕಿದ್ನಿ, ಉಮಾ. ನೆತ್ತಿ ಮ್ಯಾಲೆ, ಚರ್ಮಕ್ಕ ಹತ್ತಿ ಹರಿಯೂಹಂಗ. ‘ಕೂಸವ್ವಾ, ಪಿತನ, ಸುತನ, ಪವಿತ್ರಾತ್ಮನ ಹೆಸರಿನಾಗ ನಿನಗ ದೀಕ್ಷಾಸ್ನಾನ ಕೊಡತೇನಿ’ ಅಂತ ನೀ ಹೇಳಿಕೊಟ್ಟ ಮಾತು ಅಷ್ಟೂ ಆತು. ಒಂದೂ ಬಿಡಲಿಲ್ಲ. ನೀರು ಹಣಿ ಮ್ಯಾಲಿಂದ ಇಳದು ತುಟಿಗೆ ಬಂತು, ಕೂಸು ಅದನ್ನ ಚಪ್ಪರಿಸಿತು. ಖರೇ ಹೇಳ್ತೇನಿ, ಚಪ್ಪರಿಸಿತು. ಸೀತವ್ವ ಯಾರೂ ಹೇಳದ ತಲಿ ಮ್ಯಾಲೆ ಸೆರಗು ಹೊತಗೊಂಡ್ಲು. ಸ್ವಲ್ಪ ಹೊತ್ತಿಗೆ ಕೂಸು ಹೋತು. ಅಳಲಿಲ್ಲ, ಒದ್ದಾಡಲಿಲ್ಲ, ನನ್ನ ತೊಡಿ ಮ್ಯಾಲೆ ಹೋತು.

ಫಾದರ್ ಆಮ್ಯಾಲೆ ಬಂದ್ರು, ಬೆವರು ಸುರಸ್ಕೋತ, ವಯಸ್ಸಾದ ಜೀವ. ನನಗ ಹೆದರಿಕಿ. ಎದಿ ಮ್ಯಾಲೆ ಲಿಂಗಾ ಕಟ್ಟಿದವರು ಹಾಕಿದ ನೀರು ನಿಮ್ಮ ದೇವರಿಗೆ ನಡಿತೈತೇನ್ರಿ ಅಂತ ನೆಟ್ಟಗ ಕೇಳಿದ್ನಿ. ಅವರು ಮೂರ ಸಂಗತಿ ಕೇಳಿದ್ರು: ನೀರು ಮೈಗೆ ಹತ್ತಿತೋ, ಮಾತು ಪೂರಾ ಅಂದ್ರೋ, ಅನ್ನೂ ಮುಂದ ಮನಸ್ಸಿನಾಗ ಏನಿತ್ತು. ‘ತಾಯಿ ಏನು ಕೇಳ್ಯಾಳೋ ಅದು ಈ ಕೂಸಿಗೆ ಆಗಲಿ ಅಂತ ಇತ್ತು’ ಅಂತ ಉತ್ತರಾ ಹೋತು. ಫಾದರ್ ಕನ್ನಡಕಾ ತಗದು ಒರಸ್ಕೊಂಡ್ರು. ‘ಆತು. ಇದಕ್ಕಿಂತ ನಾ ಹೆಚ್ಚಿಂದೇನೂ ಮಾಡ್ತಿರಲಿಲ್ಲ. ಇನ್ನೊಮ್ಮೆ ಹಾಕೂ ಹಂಗೂ ಇಲ್ಲ, ಒಮ್ಮೆ ಆದದ್ದು ಆತು’ ಅಂದ್ರು. ಕೈ ಯಾರದು ಅಂತ ದೇವರು ನೋಡೂದಿಲ್ಲಂತ. ಹಾಕಿದವರು ಪುಣ್ಯವಂತರೋ ಪಾಪಿಗಳೋ, ಅದರ ಮ್ಯಾಲೆ ನಿಂತಿಲ್ಲಂತ. ಕೊಡಾವ ಅವನ, ನಾವು ಬರೇ ಕಾಲುವಿ. ಕಾಲುವಿ ಮಣ್ಣಿಂದಿರಲಿ, ಸಿಮಿಟಿಂದಿರಲಿ, ಹೊಲಕ್ಕ ಮುಟ್ಟೂದು ಅದ ಮಲಪ್ರಭಾ ನೀರು ಅಂದ್ರು. ಅವರೂ ಒಕ್ಕಲತನದ ಮನಿಯವರಂತ.

ನಾ ಸುಮ್ಮನಿರಾಕಿ ಅಲ್ಲಲಾ, ಇನ್ನೊಂದು ಕೇಳಿದ್ನಿ. ನೀರು ಬೀಳಲಾರದ ಹೋಗಿದ್ರ, ಏನೂ ಅರಿಯದ ಕೂಸನ್ನ ನಿಮ್ಮ ದೇವರು ಹೊರಗ ನಿಲ್ಲಸ್ತಿದ್ದನೇನ್ರಿ, ಹಂಗಿದ್ರ ಅವನೆಂಥಾ ದೇವರು ಅಂದ್ನಿ. ಫಾದರ್ ಸಿಟ್ಟಾಗಲಿಲ್ಲ. ‘ಉದ್ಧಾರದ ದಾರಿ ಇದು ಅಂತ ನೀರಿಗೆ ಮಾತು ಕೊಟ್ಟಾನ, ಅದನ್ನ ನಾವು ಬಿಡಬಾರದು. ಆದ್ರ ಆ ಮಾತಿಗೆ ಸಿಕ್ಕೊಂಡು ಅವನ ಕೈ ಕಟ್ಟಿಹೋಗಿಲ್ಲವ್ವಾ. ಕಾಲುವಿ ಇಲ್ಲದ ಹೊಲಕ್ಕೂ ಮಳಿ ಆಕ್ಕೈತಲ್ಲ’ ಅಂದ್ರು. ಕೇಳಿದ್ಯಾ ಉಮಾ? ನಿನ್ನ ಕೂಸಿಗೆ ಎರಡೂ ದಾರಿ ಇದ್ದುವು. ಅದು ಹೊರಗ ಕುಂತಿಲ್ಲ.

ನಾ ನಿಮ್ಮ ಧರ್ಮಾ ತಿಳದಾಕಿ ಅಲ್ಲ, ನನ್ನ ಲಿಂಗಪ್ಪ ನನ್ನ ಎದಿ ಮ್ಯಾಲೆ ಇರತಾನ. ಆದ್ರ ಆವತ್ತಿಂದ ನನಗ ತಲಿ ತಿರಗಿದಂಗ ಆಗೇತಿ. ಅದು ನಳದ ನೀರು, ತಾಯಿ. ಬೆಳಿಗ್ಗೆ ನಾ ಅದರಲೇ ಬಾಯಿ ಮುಕ್ಕಳಿಸಿದ್ನಿ, ಸೀತವ್ವ ಅದರಲೇ ಫರಸಿ ಒರಸಿದ್ಲು. ಅಂಥಾ ನೀರಿಗೆ ನಾಕು ಮಾತು ಕೂಡಿ, ಹೆಸರಿಲ್ಲದ ಕೂಸು ದೇವರ ಮಗಳಾತು ಅಂದ್ರ! ಕೂಸು ಏನು ಗಳಿಸಿತ್ತು? ಏನು ಬೇಡಿತ್ತು? ಕಣ್ಣ ತಗದಿರಲಿಲ್ಲ. ನೀ ಹುಟ್ಟಿದಾಗ ಅಯ್ಯನವರು ಬಂದು ಲಿಂಗಾ ಕಟ್ಟಿದ್ರು, ಆವಾಗೂ ನೀ ಮಲಗಿದ್ದಿ. ಇಷ್ಟು ವರ್ಷಾ ನಾ ಪೂಜಿ ಮಾಡಿದ್ನಿ, ಒಪ್ಪತ್ತು ಮಾಡಿದ್ನಿ, ದೇವರಿಗೆ ಏನೋ ಕೊಡಾಕತ್ತೇನಿ ಅಂತ ತಿಳದಿದ್ನಿ. ಕೊಡೂದು ಎಲ್ಲಾ ಆ ಕಡಿಂದನ ಐತಿ ಅಂತ ಕೂಸಿನ ಹಸೀ ನೆತ್ತಿ ನೋಡಿದಾಗ ತಿಳೀತು. ಈಗ ನೀರು ಸೇದೂ ಮುಂದ ಕೊಡಾ ಕೆಳಗಿಳಸಾಕ ಒಂದು ನಮೂನಿ ಅಂಜಿಕಿ ಬರತೈತಿ. ಮಂದಿಗೆ ಹೇಳಿದ್ರ ರಾಚವ್ವಗ ಹುಚ್ಚ ಹಿಡದೈತಿ ಅಂತಾರ, ಅದಕ್ಕ ನಿನಗಷ್ಟ ಹೇಳೇನಿ.

ಕೂಸನ್ನ ರಾಮದುರ್ಗದ ನಿಮ್ಮ ಮಂದಿ ಜಾಗಾದಾಗ ಮಣ್ಣು ಮಾಡಿದ್ವಿ. ನಾವೂ ಮಣ್ಣಾಗ ಇಡಾವರ, ಅಷ್ಟರಾಗ ಏನೂ ಫರಕ ಕಾಣಲಿಲ್ಲ. ಹೆಸರು ತಾಯಿನ ಹೇಳಲಿ ಅಂತ ಫಾದರ್ ಅಂದಾರ. ಚೊಲೋ ಹೆಸರು ನೆನಸಿಕೊಂಡು ಹೇಳಿ ಕಳಸು. ಹೇಳೂ ಮುಂದ ಎರಡು ತುತ್ತು ಉಣ್ಣು. ಇನ್ನಾಸಗ ನನ್ನ ಆಶೀರ್ವಾದ ಹೇಳು, ಹುಡುಗ ನಿನ್ನ ಸಲುವಾಗಿ ಭಾಳ ಸೋತಾನ, ಅವನ ಮ್ಯಾಲೆ ಹರಿಹಾಯಬ್ಯಾಡ. ನನ್ನ ಶಿವನೂ ನಿನ್ನ ಯೇಸಪ್ಪನೂ ಕೂಡಿ ನಿನ್ನ ಎಬ್ಬಿಸಿ ನಿಲ್ಲಸಲಿ.

ನಿನ್ನ ಹಡದವ್ವ,
ರಾಚವ್ವ

ತಾ.ಕ. ಇವರು ಪತ್ರಕ್ಕ ಹಚ್ಚೂ ತಿಕೀಟು ತರಾಕ ಹೋಗ್ಯಾರ, ಬರೂದ್ರೊಳಗ ಬರಿಯಾಕತ್ತೇನಿ. ನಾ ನೀರು ಹಾಕಿದ್ನಿ ಅಂತ ಮ್ಯಾಲೆ ಬರದದ್ದು ಸುಳ್ಳು. ಇಂಥಾ ವಿಷಯದಾಗ ಸುಳ್ಳು ಇರಬಾರದವ್ವಾ, ಅದೂ ನನ್ನ ಕೈಲೆ. ಕೂಸು ನನ್ನ ತೊಡಿ ಮ್ಯಾಲೆ ಇತ್ತು, ನನಗ ಅಳು ಬಂದು ನೀ ಹೇಳಿದ್ದು ಮೊದಲನೇ ಮಾತೂ ನೆನಪಾಗಲಿಲ್ಲ. ಆವಾಗ ನಿಮ್ಮಪ್ಪ ಒಳಗ ಬಂದ್ರು. ಆವಾಗ ಗಿಡದ ಕೆಳಗಿಂದ ಎದ್ದು ಬಂದು, ಜೀಪಿನ ಹಿಂದ ಕಿವಿ ಹಚ್ಚಿ ನಿಂತು ನಿನ್ನ ಮಾತು ಅಷ್ಟೂ ಕೇಳಿಸ್ಕೊಂಡಿದ್ರಂತ. ಸೀತವ್ವನ ಕೈಯಾಗಿನ ಚರಿಗಿ ಇಸಗೊಂಡು, ಆ ಮಾತು ತಾವ ಅಂದು, ನೀರು ತಾವ ಹಾಕಿದ್ರು. ಫಾದರ್‌ಗೆ ಉತ್ತರಾ ಕೊಟ್ಟವರೂ ಅವರ. ‘ನನ್ನ ಕೈ ಅಂತ ತಿಳದ್ರ ಅಕಿಗೆ ಸಂಶಯ ಬರತೈತಿ, ನಿನ್ನ ಹೆಸರು ಬರಿ’ ಅಂತ ಇಲ್ಲೇ ಬಗಲಾಗ ಕುಂತು ಬರಸಿದ್ರು. ಬರುವ ಸೋಮವಾರ ಉಂಡಿ ಡಬ್ಬಿ ತಗೊಂಡು ಬೆಳಗಾವಿಗೆ ಬರತಾರ. ಡಬ್ಬಿ ಕೊಟ್ಟು ಬಾಗಲದಾಗಿಂದನ ಹೊಳ್ಳಿ ಹೋಗಬೇಕಂತ ಮಾಡ್ಯಾರ. ನೀನ ಎದ್ದು ಬಂದು ‘ಒಳಗ ಬಾ ಅಪ್ಪಾ’ ಅಂತ ಕರಿ.